ಕಡಿಮೆ ಕೇಳುವವರ ಹಕ್ಕು

ಕಳ್ಳಿಜಾತಿಯ ಗಿಡಗಳನ್ನು ನಮ್ಮ ಹಿರಿಯರು ಅಂಗಳದಲ್ಲಿ ಅಕ್ಕರೆಯಿಂದ ಬೆಳೆಸಿದವರಲ್ಲ. ತುಳಸಿಗೆ ಕಟ್ಟೆ ಕಟ್ಟಿದರು, ಮಲ್ಲಿಗೆಗೆ ಚಪ್ಪರ ಹಾಕಿದರು, ಬಾಳೆಗೆ ಬಚ್ಚಲ ನೀರು ಹರಿಯುವಂತೆ ಸಣ್ಣ ಕಾಲುವೆ ತೆಗೆದರು. ಕಳ್ಳಿಗೆ ಮಾತ್ರ ಹೊಲದ ಬದು, ಹಿತ್ತಲ ಬೇಲಿ, ಊರಾಚೆಯ ಕಲ್ಲುನೆಲ. ದನಕರು ಒಳನುಗ್ಗದಂತೆ ಕಾಯುವ ಕೆಲಸವನ್ನು ಅದಕ್ಕೆ ವಹಿಸಿದ್ದಾಯಿತು. ಅದನ್ನು ಕಾಯುವ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಳ್ಳಲಿಲ್ಲ.

ಈಗ ಕಾಲ ಬದಲಾಗಿದೆ. ವಿಶಾಖಪಟ್ಟಣದ ಎಂ.ವಿ.ಪಿ. ಕಾಲೊನಿಯಲ್ಲೋ ಉಕ್ಕುನಗರದಲ್ಲೋ, ವಿಜಯವಾಡದ ಪಟಮಟದಲ್ಲೋ ಮೊಗಲ್ರಾಜಪುರದಲ್ಲೋ ಇರುವ ನಮ್ಮವರ ಮನೆಗಳಿಗೆ ಹೋಗಿ ನೋಡಿ. ನೌಕಾಪಡೆ, ಬಂದರು, ಉಕ್ಕಿನ ಕಾರ್ಖಾನೆ, ಬ್ಯಾಂಕು, ರೈಲ್ವೆ, ಹೋಟೆಲು ಎಂದು ಒಂದಲ್ಲ ಒಂದು ಕಾರಣದಿಂದ ಬಂದು ನೆಲೆ ನಿಂತ ಸಂಸಾರಗಳು. ಬಾಲ್ಕನಿಯ ಕಂಬಿಯ ಬದಿಯಲ್ಲೋ ತಾರಸಿಯ ಮೂಲೆಯಲ್ಲೋ ಒಂದು ಕುಂಡವಿರುತ್ತದೆ. ಅದರಲ್ಲಿ ಮೈತುಂಬ ಮುಳ್ಳು ಹೊತ್ತು, ತುದಿಯಲ್ಲಿ ಕೆಂಪು, ಗುಲಾಬಿ ಅಥವಾ ತಿಳಿಹಳದಿ ಗೊಂಚಲು ಬಿಟ್ಟ ಗಿಡ. ನರ್ಸರಿಯವರು ಅದನ್ನು ಯುಫೋರ್ಬಿಯಾ ಎನ್ನುತ್ತಾರೆ. ನೆರೆಮನೆಯ ತೆಲುಗರು ಜೆಮುಡಿನ ಜಾತಿಯದೆಂದು ಗುರುತು ಹಿಡಿಯುತ್ತಾರೆ. ಇದನ್ನೇ ಏಕೆ ತಂದಿರಿ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಅದಕ್ಕೇನೂ ಬೇಡ. ತಾನಾಗಿ ಬೆಳೆಯುತ್ತದೆ."

ಈ ಮಾತಿನ ಬಗ್ಗೆಯೇ ನಾವಿಲ್ಲಿ ಸ್ವಲ್ಪ ಯೋಚಿಸಬೇಕಾಗಿದೆ. ಏಕೆಂದರೆ ಇದು ಗಿಡದೊಂದಿಗೆ ಮುಗಿಯುವ ಮಾತಲ್ಲ. "ಅಮ್ಮನಿಗೇನೂ ಬೇಡ, ಊರಿನಲ್ಲಿ ಆರಾಮವಾಗಿದ್ದಾರೆ" ಎಂದು ನಾವು ಹೇಳುತ್ತೇವೆ. "ದೊಡ್ಡ ಹುಡುಗಿಯದೇನೂ ತೊಂದರೆಯಿಲ್ಲ, ಚಿಕ್ಕವನದೇ ಚಿಂತೆ" ಎನ್ನುತ್ತೇವೆ. ಪಾತ್ರೆ ತೊಳೆಯಲು ಬರುವ ಹೆಂಗಸಿನ ಬಗ್ಗೆ "ಪಾಪ, ಬಾಯಿ ಬಿಟ್ಟು ಏನೂ ಕೇಳುವವಳಲ್ಲ" ಎಂದು ಹೊಗಳುತ್ತೇವೆ. ಹೊಗಳಿದ್ದಕ್ಕೆ ಕಾಸು ಖರ್ಚಿಲ್ಲ. ಕಡಿಮೆ ಕೇಳುವವರಿಗೆ ನಾವು ಸಲ್ಲಿಸಬೇಕಾದುದೂ ಕಡಿಮೆಯೇ? ಅಥವಾ, ಕೇಳದಿರುವುದರಿಂದಲೇ ಅವರ ಹಕ್ಕು ನಮ್ಮ ಮೇಲೆ ಇನ್ನೂ ಬಿಗಿಯಾಗಿ ನಿಲ್ಲುತ್ತದೆಯೇ? ಪ್ರಶ್ನೆ ಇಷ್ಟೆ.

ಮೊದಲು ಗಿಡದ ಸಂಗತಿ. ಇದು ನಮ್ಮ ದೇಶದ್ದಲ್ಲ. ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ ಇದರ ತವರು. ಇಂದು ರೀಯೂನಿಯನ್ ಎನ್ನುವ ದ್ವೀಪಕ್ಕೆ ಗವರ್ನರನಾಗಿದ್ದ ಮಿಲಿಯಸ್ ಎಂಬಾತ 1821ರಲ್ಲಿ ಇದನ್ನು ಫ್ರಾನ್ಸಿಗೆ ಕಳುಹಿಸಿದ. ಆ ನೆನಪಿಗೆ 1826ರಲ್ಲಿ ಸಸ್ಯಶಾಸ್ತ್ರಜ್ಞರು ಯುಫೋರ್ಬಿಯಾ ಮಿಲಿ ಎಂದು ಹೆಸರಿಟ್ಟರು. ಇಂಗ್ಲಿಷಿನವರಿಗೆ ಇದು 'ಕ್ರೌನ್ ಆಫ್ ಥಾರ್ನ್ಸ್', ಎಂದರೆ ಮುಳ್ಳಿನ ಕಿರೀಟ. ಥಾಯ್ಲೆಂಡಿನವರು ಚೀನೀಯರ ಎಂಟು ಮಂದಿ ಚಿರಂಜೀವಿಗಳ ಹೆಸರಿನಿಂದ ಇದನ್ನು ಕರೆಯುತ್ತಾರೆ. ಇಂದು ನಮ್ಮಲ್ಲಿಗೆ ಬರುವ ದೊಡ್ಡ ಹೂವಿನ ತಳಿಗಳಲ್ಲಿ ಅನೇಕವು ಅವರ ಕೈಯಲ್ಲಿ ಬೆಳೆದವು. ಹೂವೆಂದು ನಾವು ಮೆಚ್ಚುವ ಆ ಎರಡು ಬಣ್ಣದ ಎಸಳುಗಳು ನಿಜವಾಗಿ ಎಸಳುಗಳಲ್ಲ, ಎಲೆಯೇ ರೂಪ ಬದಲಿಸಿ ಬಣ್ಣ ತಳೆದದ್ದು. ನಿಜವಾದ ಹೂಗಳು ನಡುವೆ ಅಡಗಿರುತ್ತವೆ, ಬಲು ಸಣ್ಣವು. ಕಾಂಡ ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಅದು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ಅಪಾಯ, ಹೊಟ್ಟೆಗೆ ಹೋದರೆ ವಿಷ.

ಇಂತಹ ಗಿಡ ಆಂಧ್ರದ ಈ ಎರಡು ನಗರಗಳಲ್ಲಿ ಬದುಕುತ್ತದೆಯೆ? ಬದುಕುತ್ತದೆ. ಬಿಸಿಲು ಅದಕ್ಕೆ ಪ್ರಿಯ. ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕಾಗದು. ಅಂತಹ ಚಳಿ ವಿಶಾಖಪಟ್ಟಣದಲ್ಲೂ ಇಲ್ಲ, ವಿಜಯವಾಡದಲ್ಲೂ ಇಲ್ಲ. ಆದರೆ ಎರಡೂ ಕಡೆ ಬದುಕುವುದು ಒಂದೇ ರೀತಿಯಲ್ಲಿ ಅಲ್ಲ, ಮತ್ತು 'ಏನೂ ಇಲ್ಲದೆ' ಅಲ್ಲ.

ವಿಶಾಖಪಟ್ಟಣ ಕಡಲಿನ ಊರು. ಗಾಳಿಯಲ್ಲಿ ಸದಾ ತೇವ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿಗೆ ಬಿಟ್ಟಿತೆನ್ನುವಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಅಕ್ಟೋಬರಿನಲ್ಲಿ ಮತ್ತೆ ಸುರಿಯುತ್ತದೆ. ಅಲ್ಲಿ ಗಿಡದ ಶತ್ರು ಬಾಯಾರಿಕೆಯಲ್ಲ, ಬೇರಿನ ಕೊಳೆ. ಕುಂಡದ ತಳದಲ್ಲಿ ದೊಡ್ಡ ತೂತಿರಬೇಕು. ಕೆಮ್ಮಣ್ಣಿಗೆ ಅಷ್ಟೇ ದಪ್ಪ ಮರಳು, ಇಟ್ಟಿಗೆಯ ಚೂರು, ಒಂದು ಹಿಡಿ ಹಳೆಯ ಗೊಬ್ಬರ ಬೆರೆಸಬೇಕು. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಬೇಕು. ವಿಜಯವಾಡದ ಕಥೆ ಬೇರೆ. ಬೆಜವಾಡ ಎಂಬ ಅದರ ಹಳೆಯ ಹೆಸರನ್ನು ತಮಾಷೆಗೆ 'ಬ್ಲೇಜ್‌ವಾಡ' ಎಂದು ತಿರುಚುವುದುಂಟು. ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಸಿಮೆಂಟಿನ ತಾರಸಿಯ ಮೇಲೆ ಸಣ್ಣ ಕುಂಡ ಕಾದ ಹೆಂಚಿನಂತಾಗುತ್ತದೆ, ಕಳ್ಳಿಯೂ ಸುಡುತ್ತದೆ. ಅಲ್ಲಿ ಬೇಸಗೆಯ ಮಧ್ಯಾಹ್ನಕ್ಕೊಂದು ನೆರಳು ಬೇಕು, ಬೆಳಗಿನ ಹೊತ್ತು ಅಳತೆಯ ನೀರು ಬೇಕು. ಇನ್ನು ಕೃಷ್ಣಾ ಬಯಲಿನ ಎರೆಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿದರೆ ಮಳೆಗಾಲದಲ್ಲಿ ಅದು ನೀರನ್ನು ಬಿಡದೆ ಹಿಡಿದಿಡುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಒಂದೇ ಗಿಡ, ಒಂದೇ ಕೈ. ಆದರೆ ರೈಲಿನಲ್ಲಿ ಒಂದು ಹಗಲಿನ ದೂರದಲ್ಲಿ ಆರೈಕೆಯೇ ಬೇರೆ.

ಇಲ್ಲಿಯೇ ಮೊದಲನೆಯ ತತ್ತ್ವ ಹೊರಡುತ್ತದೆ. ಈ ಗಿಡಕ್ಕೆ ಬೇಕಾದುದು ಸ್ವಲ್ಪ, ನಿಜ. ಆದರೆ ಆ ಸ್ವಲ್ಪಕ್ಕೆ ಬದಲಿಯಿಲ್ಲ. ಬಿಸಿಲು ಸಾಲದ ಕಡೆ ಇಟ್ಟು ನೀರು ಹೆಚ್ಚಿಸಿದರೆ ಹೂ ಬರುವುದಿಲ್ಲ, ಬೇರು ಕೊಳೆಯುತ್ತದೆ. ನೀರು ಬಸಿಯದ ಕುಂಡದಲ್ಲಿಟ್ಟು ಗೊಬ್ಬರ ಹೆಚ್ಚಿಸಿದರೆ ಎಲೆ ಮಾತ್ರ ಹುಲುಸಾಗಬಹುದು, ಕಾಂಡ ಮೆತ್ತಗಾಗುತ್ತದೆ. ನಮ್ಮಲ್ಲಿ ಯಾವುದು ಹೇರಳವಾಗಿದೆಯೋ ಅದನ್ನು ಸುರಿದು, ಅದಕ್ಕೆ ಬೇಕಾದುದನ್ನು ಕೊಟ್ಟೆವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ನಾವು ಊಟದ ಎಲೆಯ ಮುಂದೆ ನೆನೆಯುತ್ತೇವೆ. ಪ್ರೀತಿಯ ವಿಷಯದಲ್ಲಿ ಮರೆಯುತ್ತೇವೆ.

ಹೊರನಾಡಿಗರಾದ ನಮಗೆ ಈ ಮಾತು ಹತ್ತಿರದ್ದು. ಊರಿನಲ್ಲಿ ಒಬ್ಬರೇ ಇರುವ ತಾಯಿಗೆ ತಿಂಗಳು ತಿಂಗಳೂ ತಪ್ಪದೆ ಹಣ ಹೋಗುತ್ತದೆ. ಹೊಸ ಟಿ.ವಿ. ಹೋಗುತ್ತದೆ, ಮೊಣಕಾಲಿನ ಎಣ್ಣೆ ಹೋಗುತ್ತದೆ, ದೀಪಾವಳಿಗೆ ಸೀರೆ ಹೋಗುತ್ತದೆ. ಆಕೆಗೆ ಬೇಕಾಗಿದ್ದುದು ಬಹುಶಃ ವರ್ಷಕ್ಕೆ ಹತ್ತು ದಿನ, ಕೆಲಸವಿಲ್ಲದೆ, ಗಡಿಯಾರ ನೋಡದೆ ಜಗಲಿಯ ಮೇಲೆ ಕುಳಿತುಕೊಳ್ಳುವ ಮಗ. ಹತ್ತು ದಿನ ಎಂದರೆ ಸ್ವಲ್ಪವೇ. ಆದರೆ ಆ ಹತ್ತು ದಿನಕ್ಕೆ ಮುನ್ನೂರ ಐವತ್ತೈದು ದಿನದ ಹಣ ಬದಲಿಯಾಗುವುದಿಲ್ಲ, ಬಿಸಿಲಿಗೆ ನೀರು ಬದಲಿಯಾಗದ ಹಾಗೆ. ಹಣ ಕಳಿಸಬಾರದೆಂದು ನಾವು ಹೇಳುತ್ತಿಲ್ಲ. ಹಣವೂ ಬೇಕು, ಔಷಧಿಯೂ ಬೇಕು. ಕೊಡುವವನ ಅನುಕೂಲವನ್ನೇ ಪಡೆಯುವವರ ಅಗತ್ಯವೆಂದು ಲೆಕ್ಕ ಬರೆದುಕೊಳ್ಳಬಾರದು, ಅಷ್ಟೆ.

ಚರಿತ್ರೆಯಲ್ಲಿಯೂ ಕಳ್ಳಿಯ ಲೆಕ್ಕವನ್ನು ಇದೇ ರೀತಿ ತಪ್ಪಾಗಿ ಬರೆದ ಒಂದು ಪ್ರಸಂಗವಿದೆ. ನಮ್ಮ ಪಾಪಾಸುಕಳ್ಳಿ, ತೆಲುಗಿನ ನಾಗಜೆಮುಡು, ಮೂಲತಃ ಅಮೆರಿಕ ಖಂಡದಿಂದ ಬಂದದ್ದು. ಅದರ ಮೇಲೆ ಬದುಕುವ ಒಂದು ಹುಳದಿಂದ ಕಡುಕೆಂಪು ಬಣ್ಣ ತೆಗೆಯುತ್ತಿದ್ದರು. ಮೆಕ್ಸಿಕೋದ ಆ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪೆನಿಗೆ ಅದರ ಮೇಲೆ ಕಣ್ಣು ಬಿತ್ತು. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ವೈದ್ಯ ಕಳ್ಳಿಯ ತೋಟವನ್ನೇ ಮಾಡಿದ. 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಹುಳ ಬಂತು; ಆದರೆ ಅದು ಬೇರೆ ಜಾತಿಯದು, ಕೊಡುವ ಬಣ್ಣ ಕೀಳುದರ್ಜೆಯದು. ವ್ಯಾಪಾರ ನೆಲೆ ನಿಲ್ಲಲಿಲ್ಲ. ಕಳ್ಳಿ ಮಾತ್ರ ಉಳಿಯಿತು, ಬೇಲಿಯಾಯಿತು, ಬೇಲಿ ದಾಟಿ ಬಯಲಿಗೂ ಹಬ್ಬಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳವನ್ನು ದಕ್ಷಿಣ ಭಾರತಕ್ಕೆ ತಂದು ಅದರ ಮೇಲೆ ಬಿಟ್ಟರು, ಈ ಸಲ ಅದನ್ನು ಕೊಲ್ಲುವುದಕ್ಕಾಗಿಯೇ. ಒಂದು ಕಾಲದಲ್ಲಿ ಹುಳಕ್ಕಾಗಿ ಕಳ್ಳಿ ಬೆಳೆಸಿದರು. ಇನ್ನೊಂದು ಕಾಲದಲ್ಲಿ ಕಳ್ಳಿಗಾಗಿ ಹುಳ ಬೆಳೆಸಿದರು.

ಹಬ್ಬಿದ ಕಳ್ಳಿಯನ್ನು ತಡೆದದ್ದು ತಪ್ಪೆಂದು ಯಾರೂ ಹೇಳಲಾರರು. ಉಳುವವನಿಗೆ ಹೊಲ ಬೇಕು. ಆದರೆ ನೆಡುವಾಗ 'ಇದಕ್ಕೇನೂ ಬೇಡ, ಎಲ್ಲಿ ಬೇಕಾದರೂ ಬದುಕುತ್ತದೆ' ಎಂಬ ಗುಣವನ್ನು ಮೆಚ್ಚಿಕೊಂಡು, ಮುಂದೆ ಅದೇ ಗುಣಕ್ಕಾಗಿ ಅದನ್ನು ಪೀಡೆಯೆಂದು ಕರೆದದ್ದು ಗಮನಿಸತಕ್ಕದ್ದು. ನೆಟ್ಟವರು ಮೊದಲು ತಿಳಿದುಕೊಳ್ಳಬೇಕಾಗಿದ್ದುದು ಅದರ ಸ್ವಭಾವವನ್ನು; ತಿಳಿದುಕೊಂಡದ್ದು ಅದರ ಉಪಯೋಗವನ್ನು ಮಾತ್ರ. ಮನೆಗಳಲ್ಲಿಯೂ ಇದು ಉಂಟು. ಎಲ್ಲವನ್ನೂ ಸಹಿಸಿಕೊಂಡು ಹೋಗುವ ಸೊಸೆಯನ್ನು ಇಪ್ಪತ್ತು ವರ್ಷ ಹೊಗಳುತ್ತಾರೆ. ಇಪ್ಪತ್ತೊಂದನೆಯ ವರ್ಷ ಆಕೆ ತನಗೊಂದು ಕೋಣೆ ಬೇಕೆಂದರೆ, ಇವಳು ಬದಲಾಗಿಬಿಟ್ಟಳು ಎನ್ನುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗಿಡಕ್ಕೆ ಬಾಯಿಲ್ಲ, ಮನುಷ್ಯರಿಗೆ ಇದೆ. ತಾಯಿ ತಾನಾಗಿಯೇ 'ನನಗೇನೂ ಬೇಡ' ಎಂದಮೇಲೆ ಆ ಮಾತನ್ನು ನಂಬುವುದೇ ಗೌರವವಲ್ಲವೆ? ಆಕೆಯ ಮಾತನ್ನು ಪಕ್ಕಕ್ಕೆ ಸರಿಸಿ, ಆಕೆಗೆ ಬೇಕಾದುದು ನಮಗೇ ಗೊತ್ತೆಂದು ಹೊರಟರೆ ಅದು ಇನ್ನೊಂದು ಬಗೆಯ ದರ್ಪವಲ್ಲವೆ? ಆಕ್ಷೇಪ ಸಣ್ಣದಲ್ಲ. ಮುದುಕರನ್ನು ಅವರ ಮನಸ್ಸಿಗೆ ವಿರುದ್ಧವಾಗಿ ಕಿತ್ತು ತಂದು, ಏಳನೆಯ ಮಹಡಿಯ ಫ್ಲಾಟಿನಲ್ಲಿಟ್ಟು, ಭಾಷೆ ಬಾರದ ಊರಿನಲ್ಲಿ ಹಗಲೆಲ್ಲ ಒಬ್ಬರನ್ನೇ ಕೂರಿಸಿ, ಸೇವೆ ಮಾಡುತ್ತಿದ್ದೇವೆಂದು ಹೆಮ್ಮೆಪಡುವವರೂ ನಮ್ಮಲ್ಲಿದ್ದಾರೆ. ಅದೂ ಅತಿಯಾದ ನೀರೇ.

ಇದಕ್ಕೆ ಉತ್ತರವನ್ನು ಗಿಡವೇ ಒಂದಿಷ್ಟು ಸೂಚಿಸುತ್ತದೆ. ಯುಫೋರ್ಬಿಯಾದ ಎಲೆ ಹಳದಿಯಾಗಿ ಉದುರತೊಡಗಿತೆನ್ನೋಣ. ನೀರು ಕಡಿಮೆಯಾದರೂ ಎಲೆ ಉದುರುತ್ತದೆ; ಹೆಚ್ಚಾದರೂ ಉದುರುತ್ತದೆ. ಕುರುಹು ಒಂದೇ, ಕಾರಣ ತದ್ವಿರುದ್ಧ. ದೂರದಿಂದ ನೋಡಿ ಹೇಳುವಂತಿಲ್ಲ. ಬೆರಳನ್ನು ಮಣ್ಣಿನಲ್ಲಿ ಎರಡು ಅಂಗುಲ ಇಳಿಸಿ ನೋಡಬೇಕು. ಒಳಗೆ ಒಣಗಿದ್ದರೆ ನೀರು, ತೇವವಿದ್ದರೆ ಕೈ ಹಿಂದಕ್ಕೆ. ಮನುಷ್ಯರ 'ಬೇಡ' ಎಂಬ ಮಾತೂ ಹೀಗೆಯೇ. ತೃಪ್ತಿಯಿಂದ ಬಂದ 'ಬೇಡ' ಒಂದಿದೆ. ಕೇಳಿ ಕೇಳಿ ಸೋತು ಬಂದ 'ಬೇಡ' ಇನ್ನೊಂದಿದೆ. ಮಕ್ಕಳಿಗೆ ಭಾರವಾಗಬಾರದೆಂದು ನುಂಗಿಕೊಂಡ 'ಬೇಡ' ಮತ್ತೊಂದಿದೆ. ಫೋನಿನಲ್ಲಿ ಮೂರೂ ಒಂದೇ ತರಹ ಕೇಳಿಸುತ್ತವೆ. ಹತ್ತಿರ ಹೋಗಿ, ಅಡಿಗೆಮನೆಯ ಡಬ್ಬಿಗಳನ್ನು ನೋಡಿ, ಅವರೊಂದಿಗೆ ಎರಡು ಹೊತ್ತು ಉಂಡರೆ ಯಾವ 'ಬೇಡ' ಎಂಬುದು ತಿಳಿಯುತ್ತದೆ. ಹೀಗೆ ತಿಳಿದುಕೊಂಡಮೇಲೆ ಮಾತನ್ನು ನಂಬಬೇಕಾದ ಕಡೆ ನಂಬುವುದು ಗೌರವ. ತಿಳಿಯದೆ ನಂಬುವುದು ಬರಿಯ ಅನುಕೂಲ.

ನೋಡುವ ಕಣ್ಣೂ ಎಲ್ಲರದೂ ಒಂದೇ ಅಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಉಡುಪಿಯ ಕಡೆಯಿಂದ ಬಂದವರಿಗೆ ಒಣಗಿದ ಮಣ್ಣು ಕಂಡರೆ ಕೈ ತಂಬಿಗೆಗೆ ಹೋಗುತ್ತದೆ. ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬದುಕುವ ವಿಜಯಪುರ, ರಾಯಚೂರು ಕಡೆಯವರಿಗೆ ನೀರು ಚೆಲ್ಲುವುದೆಂದರೆ ಸಂಕಟ. ಇಬ್ಬರೂ ತಮ್ಮ ತಮ್ಮ ಊರಿನ ಅಳತೆಯನ್ನು ಕೈಯಲ್ಲಿ ಹಿಡಿದು ಬಂದವರೇ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಾಗ 'ಇದು ನಮ್ಮ ಆಲಮಟ್ಟಿ ದಾಟಿ ಬಂದ ನೀರು' ಎಂದು ನಮಗೆ ಹೆಮ್ಮೆಯಾಗುವುದು ಸಹಜ. ನೀರು ನಮ್ಮ ಕಡೆಯದಾದರೂ ಎಷ್ಟು ಹಾಕಬೇಕೆಂಬುದನ್ನು ಇಲ್ಲಿಯ ಮಣ್ಣನ್ನು ಕೇಳಿಯೇ ನಿರ್ಧರಿಸಬೇಕು. ನಾವು ಬೆಳೆದ ರೀತಿಯೇ ಮಕ್ಕಳಿಗೂ ಸಾಕು, ನಮ್ಮ ತಾಯಿಗೆ ಸಾಲುತ್ತಿದ್ದುದು ಅತ್ತೆಗೂ ಸಾಕು ಎಂಬ ತೀರ್ಪುಗಳು ಬರುವುದು ಹಳೆಯ ಅಳತೆಯಿಂದಲೇ.

ಇನ್ನೊಂದು ಮಾತು. ಕಡಿಮೆ ಕೇಳುವವರು ಎಂದೂ ಏನನ್ನೂ ಕೇಳದವರಲ್ಲ. ಅವರಿಗೂ ಒಂದು ದಿನ ಬರುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ನಗರದ ದೊಡ್ಡ ದೊಡ್ಡ ಮರಗಳು ಬುಡಮೇಲಾದವು. ಮೂರು ಕಾಲ ಯಾರ ಗೊಡವೆಗೂ ಹೋಗದ ತಾರಸಿಯ ಕುಂಡವನ್ನು ಅಂತಹ ಮುನ್ಸೂಚನೆ ಬಂದ ದಿನ ಎತ್ತಿ ಒಳಗಿಡಲೇಬೇಕು. ಆ ಒಂದು ದಿನ ಯಾರೂ ಮನೆಯಲ್ಲಿಲ್ಲದಿದ್ದರೆ ವರ್ಷವಿಡೀ ಹಾಕಿದ ಅಳತೆಯ ನೀರು ಪ್ರಯೋಜನಕ್ಕೆ ಬಾರದು. ಎಂದೂ ಫೋನು ಮಾಡದ ತಂದೆ ಒಂದು ಮಧ್ಯಾಹ್ನ ತಾವಾಗಿ ಫೋನು ಮಾಡಿ, "ಸುಮ್ಮನೆ ಮಾಡಿದೆ, ಏನಿಲ್ಲ" ಎಂದರೆ, ಆ 'ಏನಿಲ್ಲ' ಎಂಬುದೇ ಚಂಡಮಾರುತದ ಮುನ್ಸೂಚನೆ ಇರಬಹುದು. ಅಂದು ರೈಲಿನ ಟಿಕೆಟ್ಟು ನೋಡುವುದೇ ಲೇಸು.

ಮುಳ್ಳಿನ ಮಾತನ್ನೂ ಆಡದೆ ಮುಗಿಸುವಂತಿಲ್ಲ. ಮುಳ್ಳಿನ ಗಿಡ ಮನೆಯಲ್ಲಿದ್ದರೆ ಜಗಳವೆಂದು ವಾಸ್ತುವಿನವರು ಹೇಳುತ್ತಾರೆ. ಆ ನಂಬಿಕೆಯನ್ನು ನಂಬುವವರಿಗೆ ಬಿಡೋಣ. ಅದರಲ್ಲಿ ಲೋಕಜ್ಞಾನದ ಒಂದು ಅಂಶವಂತೂ ಇದೆ: ಓಡಾಡುವ ದಾರಿಯಲ್ಲಿ, ಅಂಬೆಗಾಲಿನ ಮಗುವಿನ ಕಣ್ಣಿನ ಎತ್ತರದಲ್ಲಿ ಮುಳ್ಳನ್ನು ಇಡಬಾರದು. ಹಾಗೆಂದು ಮುಳ್ಳನ್ನು ಕತ್ತರಿಸಿ ತೆಗೆದು 'ಈಗ ಒಳ್ಳೆಯ ಗಿಡವಾಯಿತು' ಎನ್ನುವಂತೆಯೂ ಇಲ್ಲ; ಗಾಯದಿಂದ ಹಾಲು ಸುರಿಯುತ್ತದೆ. ನೀರಿಲ್ಲದ ನಾಡಿನಲ್ಲಿ, ಮೇಯುವ ಬಾಯಿಗಳ ನಡುವೆ ಬದುಕಿ ಬಂದ ಗಿಡಕ್ಕೆ ಮುಳ್ಳು ಆಭರಣವಲ್ಲ, ಕಾಪು. ಕೊರತೆಯಲ್ಲಿ ಬಾಳಿದ ಹಿರಿಯರ ನಾಲಗೆಯ ಮೇಲೂ ಒಂದೊಂದು ಮುಳ್ಳಿರುತ್ತದೆ. ಅನ್ನ ಚೆಲ್ಲಿದರೆ ಸಿಡುಕು, ದೀಪ ಉರಿಯಬಿಟ್ಟರೆ ಸಿಡುಕು. ಆ ಮುಳ್ಳು ಯಾವ ಬರಗಾಲದಲ್ಲಿ ಮೂಡಿತೆಂದು ತಿಳಿದರೆ ಚುಚ್ಚಿದ ನೋವು ಹೋಗದಿದ್ದರೂ ಸಿಟ್ಟು ಇಳಿಯುತ್ತದೆ. ಒಂದು ಮೊಳದ ಅಂತರವಿಟ್ಟು, ಬಿಸಿಲು ಬೀಳುವ ಕಡೆ ಜಾಗ ಕೊಡುವುದು ತಿರಸ್ಕಾರವಲ್ಲ. ಅಂತರವೂ ಆರೈಕೆಯ ಒಂದು ಭಾಗವೇ. ಚುಚ್ಚುತ್ತದೆಂದು ಮೂಲೆಯ ಕತ್ತಲೆಗೆ ತಳ್ಳುವುದು ತಿರಸ್ಕಾರ.

ನಮ್ಮ ಪ್ರಶ್ನೆಗೆ ಉತ್ತರವೀಗ ಸ್ಪಷ್ಟವಾಗಬಹುದು. ಹೆಚ್ಚು ಕೇಳುವವರ ವಿಷಯದಲ್ಲಿ ನಾವು ತಪ್ಪಿದರೆ ಅವರೇ ಕೂಗಿ ತಿದ್ದುತ್ತಾರೆ. ಕಡಿಮೆ ಕೇಳುವವರ ವಿಷಯದಲ್ಲಿ ತಿದ್ದುವವರಿಲ್ಲ. ಆದುದರಿಂದ ಕಾಣುವ ಹೊಣೆ ಪೂರ್ತಿಯಾಗಿ ನಮ್ಮದೇ. ಅವರಿಗೆ ಸಲ್ಲಬೇಕಾದುದು ಪ್ರಮಾಣದಲ್ಲಿ ಸ್ವಲ್ಪವಿರಬಹುದು. ಅದನ್ನು ಕಂಡುಹಿಡಿಯುವ ಶ್ರಮ ಮಾತ್ರ ಸ್ವಲ್ಪವಲ್ಲ. ಅವರ ಹಕ್ಕಿರುವುದು ಆ ಶ್ರಮದ ಮೇಲೆ.

ಹೂವಿನ ಗಿಡಗಳ ಕೊಡುಕೊಳ್ಳುವಿಕೆ ನಮ್ಮ ಮನೆಗಳ ನಡುವೆ ಹೇಗೂ ನಡೆದೇ ಇದೆ. ಯುಫೋರ್ಬಿಯಾದ ಕಡ್ಡಿಯನ್ನು ಹಂಚಿಕೊಳ್ಳುವವರು ಮಳೆಗಾಲ ಕಳೆದು, ಚಳಿ ಇಳಿದು, ಬಿಸಿಲು ಚುರುಕಾಗುವ ಫೆಬ್ರವರಿ ಮಾರ್ಚಿನಲ್ಲಿ ಕತ್ತರಿಸುವುದು ಒಳ್ಳೆಯದು. ಕೈಗೆ ಗವಸು ಇರಲಿ. ಗೇಣುದ್ದಕ್ಕಿಂತ ತುಸು ಕಡಿಮೆಯ ತುದಿಯನ್ನು ಕೊಯ್ದು, ಹಾಲನ್ನು ನೀರಿನಿಂದ ತೊಳೆದು, ನಾಲ್ಕಾರು ದಿನ ನೆರಳಿನಲ್ಲಿ ಗಾಯ ಒಣಗಲು ಬಿಟ್ಟು, ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಬೇರು ಹಿಡಿಯುವವರೆಗೆ ನೀರಿನಲ್ಲಿ ಕೈ ಬಿಗಿಯಿರಲಿ. ಗಿಡ ಕೊಡುವಾಗ "ಇದಕ್ಕೇನೂ ಬೇಡ" ಎನ್ನುವ ಬದಲು, "ಇದಕ್ಕೆ ಇಷ್ಟು ಬೇಕು, ಆದರೆ ಇಷ್ಟು ಬೇಕೇ ಬೇಕು" ಎಂದು ಹೇಳಿ ಕೊಡೋಣ. ಬೇಸಗೆ ರಜೆಗೆ ಊರಿಗೆ ಹೋದಾಗ, ಕಳೆದ ಸಲ "ಏನೂ ಬೇಡ" ಎಂದವರ ಬಳಿ ಎರಡು ದಿನ ಹೆಚ್ಚಿಗೆ ಕುಳಿತು, ಅವರ ಆ ಇಷ್ಟು ಎಷ್ಟೆಂಬುದನ್ನೂ ತಿಳಿದು ಬರೋಣ.